ಆಲ್ಬಮ್ಮಿನಲ್ಲಿದ್ದ ನಾಲ್ವರು

ಹುಬ್ಬಳ್ಳಿ, 31 ಆಗಸ್ಟ್ 2025, ರವಿವಾರ

ಬೆಳಿಗ್ಗೆಯಿಂದ ಅಪಾರ್ಟ್‌ಮೆಂಟಿನಲ್ಲಿ ಒಂದು ಸೈಕಲ್ಲಿನದೇ ಗದ್ದಲ. ಎರಡನೇ ಮಹಡಿಯವರ ಮಗನ ಸೈಕಲ್ ರಾತ್ರಿಯಿಂದ ಕಾಣುತ್ತಿಲ್ಲ. "ನಿನ್ನಿ ರದ್ದಿಯಾಂವ ಬಂದಿದ್ನಲ್ರೀ ಅಕ್ಕಾರ, ಅಂವಂದ ಕೆಲಸ" ಎಂದ ವಾಚ್‌ಮನ್. ಅವನು ಒಯ್ದದ್ದನ್ನು ನೀನು ಕಂಡೆಯಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. "ಇರಬಹುದು ಬಿಡ್ರಿ" ಎಂದು ಹಾಲಿನ ಪಾಕೀಟು ಹಿಡಿದು ಒಳಗೆ ಬಂದೆ.

ಹತ್ತು ಗಂಟೆಗೆ ಹುಡುಗನಿಗೇ ನೆನಪಾಯಿತು. ಸೈಕಲ್ ಟ್ಯೂಷನ್ ಮನೆಯ ಮುಂದೆ ಬಿಟ್ಟು ಗೆಳೆಯನ ಗಾಡಿಯ ಮೇಲೆ ಬಂದಿದ್ದನಂತೆ. ಎಲ್ಲರೂ ನಕ್ಕು ಒಳಗೆ ಹೋದರು. ನನಗೆ ಮಾತ್ರ ಆ "ಇರಬಹುದು ಬಿಡ್ರಿ" ಗಂಟಲಲ್ಲೇ ಕೂತಿತು. ಅದೂ ಇವತ್ತಿನ ತಾರೀಖಿಗೆ.

1952ರ ಇದೇ ದಿನ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾಯಿತು. 1871ರಲ್ಲಿ ಬ್ರಿಟಿಷರು ತಂದದ್ದು. ಇಂಥ ಜಾತಿಯಲ್ಲಿ ಹುಟ್ಟಿದರೆ ಸಾಕು, ಕಳ್ಳ. ಕದಿಯಲೇಬೇಕು ಅಂತಿಲ್ಲ. ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು. ಮುಂಬೈ ಪ್ರಾಂತ್ಯದಲ್ಲಿ ಇಂಥವರನ್ನು ಸೋಲಾಪುರ, ಗದಗ, ಹುಬ್ಬಳ್ಳಿಯಂಥ ಊರುಗಳಲ್ಲಿ ಸೆಟ್ಲ್‌ಮೆಂಟ್ ಮಾಡಿ ಕೂಡಿಹಾಕಿದರು. ನಮ್ಮೂರಲ್ಲಿ ಆ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಚಿಕ್ಕವಳಿದ್ದಾಗ ಅಜ್ಜಿ "ಸೆಟ್ಲಮೆಂಟ್ ಕಡೆ ಹೋಗಬ್ಯಾಡ" ಅನ್ನುತ್ತಿದ್ದಳು. ಯಾಕೆ ಅಂತ ಕೇಳಿದರೆ ಅವಳ ಹತ್ತಿರವೂ ಉತ್ತರ ಇರಲಿಲ್ಲ. ಗಂಟಿಚೋರ ಸಮುದಾಯದವರದಂತೂ ಇನ್ನೊಂದು ಪಾಡು. ಸರಕಾರದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಅವರ ಹೆಸರಿಗೆ 'ಚೋರ' ಅಂಟಿಕೊಂಡಿದೆ. ಮಗುವಿನ ಜಾತಿ ಸರ್ಟಿಫಿಕೇಟ್ ಕೈಗೆ ಬಂದಾಗ ಅಪ್ಪನಿಗೆ ಹೇಗಾಗಬೇಡ!

ಊಟ ಮುಗಿಸಿ ನಾಸಿಕ್ಕಿನ ಕೇಸಿನ ತೀರ್ಪು ತೆಗೆದು ಮತ್ತೆ ಓದಿದೆ. ಹಿಂದೆ ಒಮ್ಮೆ ಓದಿ ಮುಚ್ಚಿಟ್ಟಿದ್ದೆ.

2003ರ ಜೂನ್, ರಾತ್ರಿ ಹೊತ್ತು. ಪೇರಲ ತೋಟದ ಗುಡಿಸಲಿಗೆ ದರೋಡೆಕೋರರು ನುಗ್ಗಿದರು. ಐದು ಜನರನ್ನು ಕೊಂದರು, ಅತ್ಯಾಚಾರ ಮಾಡಿದರು. ಬದುಕಿ ಉಳಿದವರಲ್ಲಿ ಮನೆಯ ತಾಯಿಯೂ ಒಬ್ಬಳು. ಎರಡೇ ದಿನದಲ್ಲಿ ಪೊಲೀಸರು ಅವಳ ಮುಂದೆ ಹಳೇ ಅಪರಾಧಿಗಳ ಫೋಟೋ ಆಲ್ಬಮ್ ಇಟ್ಟರು. ಕಂಡದ್ದು ಇನ್ನೂ ಕಣ್ಣ ಮುಂದೆಯೇ ಇದ್ದ ಹೊತ್ತು. ಅವಳು ನಾಲ್ವರನ್ನು ತೋರಿಸಿದಳು.

ಆ ನಾಲ್ವರ ಮೇಲೆ ಕೇಸೇ ನಡೆಯಲಿಲ್ಲ. ಕಟಕಟೆಯಲ್ಲಿ ನಿಂತವರು ಬೇರೆಯೇ ಆರು ಜನ. ಅಲೆಮಾರಿಗಳು, ಕೂಲಿ ಮಾಡಿ ತಿನ್ನುವವರು. 2006ರಲ್ಲಿ ಸೆಷನ್ಸ್ ಕೋರ್ಟ್ ಆರೂ ಜನರಿಗೆ ಗಲ್ಲು ಎಂದಿತು. ಹೈಕೋರ್ಟ್ ಮೂವರದನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಮೂವರಿಗೂ ಮತ್ತೆ ಗಲ್ಲು ಎಂದಿತು. ಆರರಲ್ಲಿ ಒಬ್ಬನಿಗೆ ಘಟನೆ ನಡೆದಾಗ ಹದಿನೆಂಟೂ ತುಂಬಿರಲಿಲ್ಲ. ಅದು ಬೆಳಕಿಗೆ ಬಂದದ್ದು ಆಮೇಲೆ. ಮೂರು ಕೋರ್ಟು ದಾಟಿ ಬಂದ ಕಡತ ನೋಡಿ, ಆದರೂ!

ಕೊನೆಗೆ ಸುಪ್ರೀಂ ಕೋರ್ಟ್ ತನ್ನದೇ ತೀರ್ಪನ್ನು ಹಿಂದೆ ತೆಗೆದುಕೊಂಡು ಕೇಸನ್ನು ಮೊದಲಿನಿಂದ ಕೇಳಿತು. 5 ಮಾರ್ಚ್ 2019ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್ (ನಮ್ಮ ದಕ್ಷಿಣ ಕನ್ನಡದವರು) ಮತ್ತು ಎಂ.ಆರ್. ಶಾ ಆರೂ ಜನರನ್ನು ಖುಲಾಸೆ ಮಾಡಿದರು. ಆಲ್ಬಮ್ಮಿನಲ್ಲಿ ಗುರುತಿಸಿದ ನಾಲ್ವರನ್ನು ಯಾಕೆ ಬಿಟ್ಟಿರಿ ಅನ್ನುವುದೇ ತೀರ್ಪಿನ ದೊಡ್ಡ ಪ್ರಶ್ನೆ. ಇವರು ಅಲೆಮಾರಿಗಳು, ತೀರಾ ಬಡವರು, ಸುಮ್ನೆ ಸಿಕ್ಕಿಸಿರುವ ಸಾಧ್ಯತೆ ಇಲ್ಲವೆನ್ನಲು ಆಗದು ಎಂಬರ್ಥದ ಮಾತೂ ಅದರಲ್ಲಿದೆ. ಇವರನ್ನು ಹಿಡಿದರೆ ಠಾಣೆಗೆ ವಕೀಲರನ್ನು ಕರೆತರುವವರಿಲ್ಲ, ದೊಡ್ಡವರಿಂದ ಫೋನ್ ಮಾಡಿಸುವವರಿಲ್ಲ. ಅಷ್ಟೇ ಸಾಕಾಯಿತು ಅಲ್ವಾ?

ಹದಿನಾರು ವರ್ಷ ಜೈಲು. ಮಹಾರಾಷ್ಟ್ರ ಸರಕಾರ ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟ್ ಹೇಳಿತು. ತೀರ್ಪಿನ ಪ್ರಿಂಟ್ ಹಿಂದೆಯೇ ಪೆನ್ಸಿಲ್ಲಿನಲ್ಲಿ ಭಾಗಿಸಿದೆ. ತಿಂಗಳಿಗೆ 2,600 ಚಿಲ್ಲರೆ. ನಮ್ಮ ವಾಚ್‌ಮನ್ ಪಗಾರವೂ ಇದಕ್ಕಿಂತ ಜಾಸ್ತಿ. ಇದಾದರೂ ಕೋರ್ಟು ಮನಸ್ಸು ಮಾಡಿದ್ದಕ್ಕೆ ಸಿಕ್ಕಿದ್ದು. ತಪ್ಪಾಗಿ ಕೇಸಿನಲ್ಲಿ ಸಿಕ್ಕಿಬಿದ್ದವರ ಪರಿಹಾರಕ್ಕೆ ಒಂದು ಕಾನೂನೇ ಬೇಕು ಎಂದು ಕಾನೂನು ಆಯೋಗ 2018ರಲ್ಲಿ, ತನ್ನ 277ನೇ ವರದಿಯಲ್ಲಿ ಹೇಳಿತ್ತು. ವರದಿ ವರದಿಯಾಗಿಯೇ ಇದೆ.

ನನಗೆ ಆ ತಾಯಿಯದೂ ಬಿಡದೆ ಕಾಡುತ್ತಿದೆ. ಮನೆಯವರನ್ನು ಕಳೆದುಕೊಂಡ ಎರಡೇ ದಿನಕ್ಕೆ, ಆ ಸ್ಥಿತಿಯಲ್ಲೂ, ಪುಟ ತಿರುವಿ ಬೆರಳು ಇಟ್ಟು ತೋರಿಸಿದ್ದಳು. ಅವಳ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾತ್ರಿ 9.40. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸೆಕ್ರೆಟರಿಯವರ ಮೆಸೇಜ್ ಬಂದಿದೆ. ಸೈಕಲ್ ಸಿಕ್ಕಿದ್ದು ಸಂತೋಷ, ಆದರೂ ಇನ್ನು ಮುಂದೆ ರದ್ದಿಯವರು ಗೇಟಿನಲ್ಲಿ ಹೆಸರು, ಆಧಾರ್ ನಂಬರ್ ಬರೆಸಿ, ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿ ಒಳಗೆ ಬರಬೇಕಂತೆ. ಹದಿನಾಲ್ಕು ಮನೆಯವರು ಆಗಲೇ ಹೆಬ್ಬೆರಳು ಎತ್ತಿದ್ದಾರೆ. ಆ ಹುಡುಗನ ಅಮ್ಮನೂ. ನಾನು ಎರಡು ಸಲ ಏನೋ ಟೈಪ್ ಮಾಡಿ ಅಳಿಸಿದೆ. ಇದನ್ನು ಬರೆದು ಮುಗಿಸಿ ಮತ್ತೆ ಕೂರಬೇಕು.