ಅಂಗಡಿಯಿಂದ ಬರೋದು ಉಪ್ಪು, ಟೀ ಪುಡಿ, ಮತ್ತೆ ಬೂಸಾ

ಮಾಗಡಿ ರಸ್ತೆ ಅಂದರೆ ಬೆಂಗಳೂರಿನವರಿಗೆ ನೆನಪಾಗೋದು ಸುಂಕದಕಟ್ಟೆಯ ಟ್ರಾಫಿಕ್ಕು. ತಾವರೆಕೆರೆ ದಾಟಿದ ಮೇಲೇ ಕಿಟಕಿಯಾಚೆ ನೋಡಬೇಕು ಅನ್ನಿಸುತ್ತದೆ. ಏಪ್ರಿಲ್‌ನಲ್ಲಿ ಹೊಲಗಳೆಲ್ಲ ಖಾಲಿ, ಬರೀ ಕೆಂಪು ಮಣ್ಣು. ಹೊಂಗೆ ಮರಗಳು ಮಾತ್ರ ಹೊಸ ಚಿಗುರಲ್ಲಿ ಮಿಂಚುತ್ತಿದ್ದವು. ಮಗಳಿಗೆ ಬೇಸಿಗೆ ರಜ ಶುರುವಾಗಿತ್ತು. "ಮಗೂನ ಕರ್ಕೊಂಡು ಬಾರಪ್ಪ, ಕೋಳಿ ಕಾವಿಗೆ ಕೂತದೆ" ಅಂತ ಚಿಕ್ಕಮ್ಮ ಫೋನ್ ಮಾಡಿದ್ದರು. ಅವಳಿಗೆ ಅಷ್ಟು ಸಾಕಾಯಿತು.

ಚಿಕ್ಕಮ್ಮನ ಊರಿನಿಂದ ಸಾವನದುರ್ಗ ಕಾಣುತ್ತದೆ. 1226 ಮೀಟರ್ ಎತ್ತರದ ಬೋಳು ಬಂಡೆ. ಮಧ್ಯಾಹ್ನ ಆ ಕಡೆಯಿಂದ ಬೀಸುವ ಗಾಳಿಯೂ ಬಿಸಿ. ಹೆಂಚಿನ ಮನೆ, ಪಕ್ಕದಲ್ಲೇ ಕೊಟ್ಟಿಗೆ, ಹಿಂದೆ ತಿಪ್ಪೆ, ಆಮೇಲೆ ಹೊಲ. ಬದುವಿನ ಮೇಲೆ ಹುಣಸೆ, ಹಲಸು, ಮಾವು. ಎರಡು ಸೀಮೆ ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು, ನಾಲ್ಕಾರು ಕುರಿ. ಕೋಳಿಗಳ ಲೆಕ್ಕ ಚಿಕ್ಕಮ್ಮನಿಗೆ ಮಾತ್ರ ಗೊತ್ತು.

ಮಗಳು ಹೋದವಳೇ ಕೋಳಿ ಹತ್ತಿರ ಕೂತಳು. ಅಡುಗೆಮನೆ ಮೂಲೆಯಲ್ಲಿ ಹಳೇ ಮಂಕರಿ, ಅದರಲ್ಲಿ ಹುಲ್ಲು, ಬೂದಿ, ಮೇಲೆ ನಾಟಿ ಕೋಳಿ. ಮೊಟ್ಟೆಗಳ ನಡುವೆ ಒಂದು ಇದ್ದಿಲು, ಒಂದು ಕಬ್ಬಿಣದ ಚೂರು. ಬೇಸಿಗೆ ಮಳೆಯ ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಇಡೋದಂತೆ. ನನಗೆ ನಂಬಿಕೆ ಇಲ್ಲ, ಆದರೆ ಚಿಕ್ಕಮ್ಮನ ಹತ್ತಿರ ವಾದ ಮಾಡುವಷ್ಟು ಧೈರ್ಯವೂ ಇಲ್ಲ. ಮರಿ ಬರೋದಕ್ಕೆ 21 ದಿನ. ಆಗಲೇ ಒಂದು ವಾರ ಆಗಿತ್ತು. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಇಟ್ಟು, ಸುತ್ತ ಬೆರಳು ಮುಚ್ಚಿ ತೋರಿಸಿದರು. ಒಳಗೆ ತೆಳ್ಳಗೆ ಕೆಂಪು ನರಗಳು ಹರಡಿದ್ದವು, ಮಧ್ಯೆ ಒಂದು ಕಪ್ಪು ಚುಕ್ಕೆ. "ಇದು ಜೀವ ಹಿಡಿದದೆ" ಅಂದರು. ಮುಂದಿನದರಲ್ಲಿ ಏನೂ ಇಲ್ಲ, ಬರೀ ಹಳದಿ ಬೆಳಕು. ಅದನ್ನು ನಾಯಿಗೆ ಅಂತ ಪಕ್ಕಕ್ಕಿಟ್ಟರು. ಬೇಸಿಗೆಯಲ್ಲಿ ಮೊಟ್ಟೆಯನ್ನು ಜಾಸ್ತಿ ದಿನ ಕೂಡಿಟ್ಟು ಕಾವಿಗೆ ಇಡಬಾರದಂತೆ. ಸೆಕೆಗೆ ಒಳಗೇ ಅರ್ಧಂಬರ್ಧ ಬೆಳೆಯೋಕೆ ಶುರುವಾಗಿ ಕೆಟ್ಟುಹೋಗುತ್ತದೆ.

ಈ ಮನೆಯಲ್ಲಿ ಒಂದು ವಸ್ತು ಎಲ್ಲಿಂದ ಬಂತು ಅಂತ ಕೇಳುತ್ತಾ ಹೋದರೆ ಸುತ್ತಿ ಸುತ್ತಿ ರಾಗಿ ಹೊಲಕ್ಕೇ ಬರುತ್ತೀರಿ. ಬಿತ್ತೋದು ಜಿಪಿಯು-28, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಿಂದ ಬಂದ ರಾಗಿ ತಳಿ, ಬೆಂಕಿ ರೋಗ ತಡೆಯುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಮುದ್ದೆಗೆ ರಾಗಿ, ಸಾರಿಗೆ ಬೇಳೆ, ಚಟ್ನಿಪುಡಿಗೆ ಹುಚ್ಚೆಳ್ಳು ಒಂದೇ ಹೊಲದಿಂದ. ರಾಗಿ ಹುಲ್ಲು ಬಣವೆಗೆ, ಬಣವೆಯಿಂದ ದನಕ್ಕೆ. ಸಗಣಿ ಗೋಬರ್ ಗ್ಯಾಸಿಗೆ. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಈ ನಾಲ್ಕು ದನ ಅಷ್ಟನ್ನು ಆರಾಮಾಗಿ ಕೊಡುತ್ತವೆ. ಗ್ಯಾಸಿನಲ್ಲಿ ಮುದ್ದೆ ಬೇಯುತ್ತದೆ, ಗುಂಡಿಯಿಂದ ಹೊರಬರುವ ಬಗ್ಗಡ ತಿಪ್ಪೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಆ ತಿಪ್ಪೆ ಕಡಿದು ಗೊಬ್ಬರವನ್ನು ಹೊಲಕ್ಕೆ ಹೊಡೆಯೋದೇ ದೊಡ್ಡ ಕೆಲಸ. ನಾನೂ ಒಂದು ಬೆಳಗ್ಗೆ ಮಂಕರಿ ಹೊತ್ತೆ. ಎಂಟು ಗಂಟೆಗೇ ಬಿಸಿಲು ನೆತ್ತಿಗೆ ಹತ್ತಿತು. ಅಂಬಲಿಗೆ ಮಜ್ಜಿಗೆ, ಈರುಳ್ಳಿ ಹಾಕಿ ಕೊಟ್ಟಾಗ ಎರಡು ಲೋಟ ಕುಡಿದೆ.

ಮಧ್ಯಾಹ್ನ ಹೆಂಗಸರೆಲ್ಲ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಮಾತು ಜಾಸ್ತಿ, ಕೆಲಸವೂ ಜಾಸ್ತಿ.

ಹಾಗಾದರೆ ಅಂಗಡಿಯಿಂದ ಏನು ತರುತ್ತೀರಿ ಅಂತ ಚಿಕ್ಕಪ್ಪನನ್ನು ಕೇಳಿದೆ. ಉಪ್ಪು, ಸಕ್ಕರೆ, ಟೀ ಪುಡಿ, ಒಂದಷ್ಟು ಎಣ್ಣೆ. ಸ್ವಲ್ಪ ಸುಮ್ಮನಿದ್ದು "ಬೂಸಾ, ಹಿಂಡಿ" ಅಂತ ಸೇರಿಸಿದರು. ಅಸಲಿ ಖರ್ಚು ಅದೇ. ಸೀಮೆ ಹಸು ಬರೀ ರಾಗಿ ಹುಲ್ಲು ತಿಂದು ಹಾಲು ಕೊಡಲ್ಲ. ಹಸಿರು ಮೇವಿಗೆ ನೀರು ಬೇಕು, ನೀರಿಗೆ ಬೋರ್‌ವೆಲ್, ಬೋರ್‌ವೆಲ್‌ಗೆ ಕರೆಂಟು. ಸೆಕೆಗೆ ಹಸು ಮೇವು ಬಿಟ್ಟರೆ ಹಾಲು ಇಳಿಯುತ್ತದೆ, ಆದರೆ ಬೂಸಾ ಮೂಟೆಯ ರೇಟು ಇಳಿಯಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಗೊಣಗಾಟ! ಇಲ್ಲಿ ಡೇರಿ ಮುಂದೆ ಕ್ಯಾನ್ ಹಿಡಿದು ಹಾಲಿನ ಫ್ಯಾಟು (ಕೊಬ್ಬು), ಡಿಗ್ರಿ (ಗಟ್ಟಿತನ) ನೋಡಿಸುತ್ತಾ ನಿಂತವರ ಲೆಕ್ಕವೇ ಬೇರೆ.

ನೀರಿನ ಮಾತು ಬಂದರೆ ಇನ್ನೊಂದು ಹೇಳಬೇಕು. ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ 1933ರಲ್ಲೇ ಅರ್ಕಾವತಿಯ ನೀರು ಬೆಂಗಳೂರಿಗೆ ಹೊರಟಿತ್ತು. ಕಾವೇರಿ ಬಂದಿದ್ದು ನಾಲ್ಕು ದಶಕ ಆದಮೇಲೆ. ಈ ಸೀಮೆಯವರು ಪಟ್ಟಣಕ್ಕೆ ನೀರು, ಹಾಲು, ಮಾವು ಎಲ್ಲ ಕಳಿಸಿದ್ದಾರೆ. ತಮ್ಮ ಬೋರ್ ಮಾತ್ರ ವರ್ಷವರ್ಷ ಆಳಕ್ಕೆ ಹೋಗುತ್ತಿದೆ.

ಹೊರಡುವ ಹಿಂದಿನ ರಾತ್ರಿ ಗುಡುಗಿತು. ಮಳೆ ಹತ್ತು ನಿಮಿಷ, ಗಾಳಿಯೇ ಜಾಸ್ತಿ. ಬೆಳಗ್ಗೆ ಮಾವಿನ ಮರದ ಕೆಳಗೆ ಎಳೇ ಕಾಯಿಗಳ ರಾಶಿ. ಚಿಕ್ಕಮ್ಮ ಬೈದುಕೊಳ್ಳುತ್ತಲೇ ಆರಿಸಿ ಉಪ್ಪಿನಕಾಯಿಗೆ ಹೆಚ್ಚಲು ಕೂತರು. ಚಿಕ್ಕಪ್ಪ ಮಾತ್ರ ಕಾಲಲ್ಲಿ ಮಣ್ಣು ಕೆದಕಿ ಎಷ್ಟು ನೆಂದಿದೆ ನೋಡುತ್ತಿದ್ದರು. "ಭರಣಿ ಮಳೆ ಇನ್ನೊಂದ್ ಸಲ ಬರ್ಲಿ, ಆಮೇಲೆ ಉಳೋಣ" ಅಂದರು.

ಮೇ ತಿಂಗಳಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಕಡೆಯ ಮದುವೆ ಇತ್ತು. ಇಬ್ಬರೂ ಬರಲೇಬೇಕು ಅಂತ ಒತ್ತಾಯ ಮಾಡಿದೆ. ಚಿಕ್ಕಮ್ಮ ನಕ್ಕರು. "ಇಬ್ರೂ ಬಂದ್ರೆ ಹಸಾ ಯಾರ್ ಕರೀತಾರೆ ಮಗ?" ಕೊನೆಗೆ ಒಪ್ಪಂದ ಆಯಿತು: ಚಿಕ್ಕಮ್ಮ ಮುಹೂರ್ತಕ್ಕೆ. ಚಿಕ್ಕಪ್ಪ ಅದರ ಹಿಂದಿನ ದಿನ ಸಂಜೆ ಹಾಲು ಕರೆದು ಡೇರಿಗೆ ಹಾಕಿ, ಆರತಕ್ಷತೆಗೆ ಬಂದು, ಊಟ ಮುಗಿಸಿ ಕೊನೇ ಬಸ್ಸಿಗೆ ವಾಪಸ್.