ಅಂಚೆಗೆ ಹೆದರಿದ ಕತೆಗಳು

14 ನವೆಂಬರ್ 2024, ಗುರುವಾರ

ಅಪ್ಪ ನನ್ನ ಮಂಚದ ಮೇಲಿದ್ದ ಪುಸ್ತಕ ಎತ್ತಿಕೊಂಡು "ಇದೇನಮ್ಮ, ಪತ್ತೇದಾರಿನಾ?" ಅಂದರು. ಅಮೆರಿಕದ ಲೇಖಕ ಚೆಸ್ಟರ್ ಹೈಮ್ಸ್ ಬರೆದದ್ದು, ಜೈಲಿನ ಕತೆ ಅಂದೆ. ಒಳಗೆ ಇಬ್ಬರು ಗಂಡಸರ ಪ್ರೀತಿ ಇದೆ ಅಂತಲೂ ಹೇಳಿಬಿಟ್ಟೆ. ಅಪ್ಪ ಪುಸ್ತಕ ಕೆಳಗಿಡಲಿಲ್ಲ, ಆದರೆ ಕನ್ನಡಕ ತೆಗೆದರು.

ಹೈಮ್ಸ್ 19ಕ್ಕೇ ದರೋಡೆ ಕೇಸಲ್ಲಿ ಓಹಾಯೋ ಜೈಲು ಸೇರಿದವನು. 1930ರಲ್ಲಿ ಅಲ್ಲಿ ಬೆಂಕಿ ಬಿದ್ದು 320ಕ್ಕೂ ಹೆಚ್ಚು ಕೈದಿಗಳು ಸತ್ತಾಗ ಅವನೂ ಒಳಗಿದ್ದ. ಕತೆ ಬರೆಯೋಕೆ ಶುರು ಮಾಡಿದ್ದೂ ಅಲ್ಲೇ. ಈ ಕಾದಂಬರಿ 1952ರಲ್ಲಿ 'ಕಾಸ್ಟ್ ದ ಫಸ್ಟ್ ಸ್ಟೋನ್' ಅಂತ ಬಂತು, ತುಂಬಾ ಕತ್ತರಿ ಹಾಕಿಸಿಕೊಂಡು. ಮೂಲ ರೂಪದಲ್ಲಿ ಅಚ್ಚಾಗಿದ್ದು 1998ರಲ್ಲಿ, ಅಷ್ಟು ಹೊತ್ತಿಗೆ ಅವನೇ ಇರಲಿಲ್ಲ.

ಅದೇ 1952ರಲ್ಲಿ ಅಮೆರಿಕದವಳೇ ಆದ ಮ್ಯಾರಿಜೇನ್ ಮೀಕರ್, ವಿನ್ ಪ್ಯಾಕರ್ ಅನ್ನೋ ಹೆಸರಲ್ಲಿ 'ಸ್ಪ್ರಿಂಗ್ ಫೈರ್' ಬರೆದಳು. ಕಾಲೇಜಿನ ಇಬ್ಬರು ಹುಡುಗಿಯರ ಪ್ರೇಮ. ಸಂಪಾದಕ ಮೊದಲೇ ಹೇಳಿದ್ದನಂತೆ: ಕೊನೆಯಲ್ಲಿ ಇಬ್ಬರೂ ಸುಖವಾಗಿರಕೂಡದು, ಇದ್ದರೆ ಅಶ್ಲೀಲ ಅಂತ ಅಂಚೆಯವರು ಪುಸ್ತಕ ತಡೆಯುತ್ತಾರೆ. ಸರಿ, ಒಬ್ಬಳಿಗೆ ಹುಚ್ಚು ಹಿಡಿಯಿತು, ಇನ್ನೊಬ್ಬಳಿಗೆ ತಾನು ಪ್ರೀತಿಸಿಯೇ ಇರಲಿಲ್ಲ ಅಂತ ಜ್ಞಾನೋದಯವಾಯಿತು!

ಅಂಚೆ ಅಂದಕೂಡಲೇ ಅಪ್ಪನಿಗೆ ತಮ್ಮ ಅಂಚೆ ಇಲಾಖೆಯ ಸರ್ವಿಸ್ ನೆನಪಾಯಿತು. "ನಮ್ಮಲ್ಲೂ ಇತ್ತಲ್ಲ, 1898ರ ಆಕ್ಟು, ಸೆಕ್ಷನ್ 20. ಅಶ್ಲೀಲವಾದದ್ದನ್ನ ಟಪಾಲಲ್ಲಿ ಕಳಿಸೋ ಹಾಗಿಲ್ಲ."

"ನೀವು ಯಾವತ್ತಾದರೂ ಹಿಡಿದಿದ್ರಾ?"

"ಸಾರ್ಟಿಂಗ್ ಮಾಡೋನಿಗೆ ಓದೋಕೆಲ್ಲಿ ಪುರುಸೊತ್ತು?" ಸ್ವಲ್ಪ ಹೊತ್ತು ಬಿಟ್ಟು, "ಒಡೆದು ನೋಡಬೇಕು ಅಂತಿಲ್ಲಮ್ಮ. ನೋಡ್ತಾರೆ ಅಂತ ಭಯ ಇದ್ರೆ ಸಾಕು, ಬರೆಯೋನು ತಾನೇ ತಿದ್ಕೋತಾನೆ."

ನಾನು ಸುಮ್ಮನಾದೆ. ಹೈಮ್ಸ್‌ನ ಕಾದಂಬರಿಯ ಆ ಇಬ್ಬರು ಪ್ರೇಮಿಗಳಲ್ಲಿ ಒಬ್ಬ, ಡೀಡೋ, ನೇಣು ಹಾಕಿಕೊಳ್ಳುತ್ತಾನಲ್ಲ, ಅದನ್ನು ಜೈಲು ಮಾಡಿಸಿತು ಅಂತ ನಂಬಿ ಓದಿದ್ದೆ. ಈಗ ಅನುಮಾನ. ಆ ಕಾಲದ ಪುಸ್ತಕಗಳಲ್ಲಿ ಇಂಥ ಪ್ರೀತಿ ಮಾಡಿದವರಲ್ಲಿ ಎಷ್ಟೋ ಜನ ಸತ್ತೋ ಹುಚ್ಚಾಗಿಯೋ ಮುಗಿಯುತ್ತಾರೆ, ಜೈಲಲ್ಲಿದ್ದರೂ ಹಾಸ್ಟೆಲಲ್ಲಿದ್ದರೂ. ಯಾವ ಸಾವು ಲೇಖಕನದು, ಯಾವುದು ಟಪಾಲಿನವರಿಗೆ ಕಟ್ಟಿದ ಸುಂಕ?

ಅಪ್ಪ ಟೀವಿ ಹಾಕಿಕೊಂಡರು. ಗ್ಯಾಸ್ ಬುಕ್ ಮಾಡಬೇಕು, ತಲೆ ಬೇರೆ ಸಿಡೀತಿದೆ.

ಇನ್ನೊಂದು. ಆ ಕಾಲದ ಹೆಂಗಸರ ಜೈಲಿನ ಪುಸ್ತಕಗಳ ಮುಖಪುಟದಲ್ಲಿ ಅರೆಬೆತ್ತಲೆ ಕೈದಿಗಳು, ಮೈಗಂಟಿದ ಯೂನಿಫಾರ್ಮು. ಅವಕ್ಕೆ ಅಡ್ಡಿಯಿಲ್ಲ, ಇಬ್ಬರು ನೆಮ್ಮದಿಯಾಗಿದ್ದರೆ ಮಾತ್ರ ಅಡ್ಡಿ. ಅಪ್ಪನನ್ನು ಇದನ್ನೂ ಕೇಳಬಹುದಿತ್ತು, ಆದರೆ ಆ ಮುಖಪುಟಗಳನ್ನು ಅವರಿಗೆ ತೋರಿಸೋದು ಅಂದರೆ...