ಲಿಟಿಟ್ಸ್ ದಾರಿಯಲ್ಲಿ ಬಾಯಾಡಿಸುತ್ತಾ

ಅಮೆರಿಕದ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಿಂದ ಲಿಟಿಟ್ಸ್ ಊರಿಗೆ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಅಷ್ಟಕ್ಕೇ ತಮ್ಮನ ಹೆಂಡತಿ ಒಂದು ಚೀಲ ತುಂಬ ತಿಂಡಿ ಜೋಡಿಸಿದ್ದಳು. ಮೀನಿನ ಆಕಾರದ ಪುಟ್ಟ ಗೋಲ್ಡ್‌ಫಿಶ್ ಬಿಸ್ಕತ್ತು, ಎಳೆ ಎಳೆಯಾಗಿ ಬಿಡಿಸಿ ತಿನ್ನುವ ಚೀಸ್ ಕಡ್ಡಿ, ಚೀಪಿ ಕುಡಿಯುವ ಸೇಬಿನ ತಿರುಳು, ಬೆಂಕಿಪೊಟ್ಟಣದಂಥ ಡಬ್ಬಿಯಲ್ಲಿ ಒಣದ್ರಾಕ್ಷಿ. "ಈಗ ತಾನೇ ತಿಂಡಿ ಆಯ್ತಲ್ಲಮ್ಮ?" ಅಂದೆ. "ಇದು ಸ್ನ್ಯಾಕ್ ಅತ್ತಿಗೆ, ತಿಂಡಿ ಅಲ್ಲ" ಅಂದಳು.

ನಾನು ತುಮಕೂರಿನಿಂದ ಬಂದು ಆಗ ಮೂರು ವಾರ. ನಮ್ಮಲ್ಲಿ ತಿಂಡಿಗೆ ಹೊತ್ತಿದೆ. ಬೆಳಗಿನ ತಿಂಡಿ, ನಾಲ್ಕು ಗಂಟೆಯ ಕಾಫಿ ಜೊತೆಗೆ ಒಂದಿಷ್ಟು ಕುರುಕಲು, ನೆಂಟರು ಬಂದರೆ ಒಂದು ತಟ್ಟೆ ನಿಪ್ಪಟ್ಟು. ಇಲ್ಲಿ ಆ ಹೊತ್ತೇ ಇಲ್ಲ. ಮಕ್ಕಳ ಕಾರ್ ಸೀಟಿಗೆ, ತಳ್ಳುಗಾಡಿಗೆ, ಆಫೀಸಿನ ಮೇಜಿಗೆ, ಪೆಟ್ರೋಲ್ ಹಾಕಿಸುವ ಜಾಗಕ್ಕೆ ತಕ್ಕ ಹಾಗೆ ತಿನಿಸುಗಳಿವೆ. ದಾರಿಯಲ್ಲಿ ಪೆಟ್ರೋಲ್ ಬಂಕಿನ ಅಂಗಡಿಗೆ ಹೋದರೆ ಗೋಡೆಯುದ್ದಕ್ಕೂ ಚಿಪ್ಸ್, ಒಣಗಿಸಿದ ಮಾಂಸದ ಪಟ್ಟಿ, ಉಪ್ಪು ಹಾಕಿದ ಸೂರ್ಯಕಾಂತಿ ಬೀಜ. ಒಂದು ಚಿಪ್ಸ್ ಪೊಟ್ಟಣ ತಿರುಗಿಸಿ ಓದಿದೆ. ಆಲೂಗಡ್ಡೆ, ಎಣ್ಣೆ, ಉಪ್ಪು, ಮೂರೇ ಪದಾರ್ಥ. ಒಬ್ಬರ ಪಾಲು 28 ಗ್ರಾಂ ಎಂದೂ ಅಚ್ಚಾಗಿತ್ತು. ಆ ದೊಡ್ಡ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡ ಯಾರೂ 28 ಗ್ರಾಂಗೆ ಕೈ ತೆಗೆಯುವುದನ್ನು ನಾನು ನೋಡಲಿಲ್ಲ.

ನಡುವೆ ಹರ್ಷಿ ಚಾಕೊಲೇಟ್ ಕಂಪನಿಯವರ ಹರ್ಷಿ ಊರು ಸಿಕ್ಕಿತು. ಚಾಕೊಲೇಟ್ ಅವೆನ್ಯೂ ಎಂಬ ರಸ್ತೆಯ ದೀಪಗಳಿಗೂ 1907ರಿಂದ ಮಾರುತ್ತಿರುವ ಅವರ ಕಿಸ್ ಚಾಕೊಲೇಟಿನದೇ ಆಕಾರ. ತಮ್ಮನ ಮಗಳು ಪುಟ್ಟಿ ಕಿಟಕಿಗೆ ಮೂಗು ಒತ್ತಿ ದೀಪ ಎಣಿಸುತ್ತಲೇ ಮೀನು ಬಿಸ್ಕತ್ತು ಮುಗಿಸಿದಳು.

ಈ ಬಾಯಾಡಿಸುವ ರೂಢಿಯಲ್ಲಿ ನನಗೆ ಹಿಡಿಸಿದ್ದೂ ಇದೆ. ಹಿಂದಿನ ಶನಿವಾರ ಪುಟ್ಟಿಯ ಫುಟ್‌ಬಾಲ್ ಪಂದ್ಯವಿತ್ತು. ಇಲ್ಲಿ ಅದನ್ನು ಸಾಕರ್ ಅನ್ನುತ್ತಾರೆ. ಆಡಿ ಬಂದ ಮಕ್ಕಳಿಗೆಲ್ಲ ತಿನಿಸು ಕೊಡುವ ಸರದಿ ಒಂದೊಂದು ವಾರ ಒಂದೊಂದು ಮನೆಯದು, ಆ ವಾರ ನಮ್ಮದು. ಊರಿಂದ ತಂದಿದ್ದ ಕಡಲೇಬೀಜದ ಉಂಡೆ ಡಬ್ಬಿಗೆ ಹಾಕಲು ಹೊರಟೆ. ತಮ್ಮನ ಹೆಂಡತಿ ಮೆಲ್ಲಗೆ ಕೈ ಹಿಡಿದಳು. ತಂಡದ ಒಬ್ಬ ಹುಡುಗನಿಗೆ ಕಡಲೇಬೀಜ ಸೋಕಿದರೂ ಉಸಿರು ಕಟ್ಟುತ್ತದಂತೆ. ಕಡಲೇಬೀಜ, ಹಾಲು, ಗೋಧಿಯಂಥವು ಇದ್ದರೆ ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆಯಲೇಬೇಕೆಂಬ ಕಾನೂನು ಇಲ್ಲಿ 2006ರಿಂದ ಜಾರಿಯಲ್ಲಿದೆ. ಅವಳು ಅಂಗಡಿಯಲ್ಲಿ ನಿಂತು ಒಂದೊಂದು ಪೊಟ್ಟಣವನ್ನೂ ಕೊನೆಯ ಸಾಲಿನವರೆಗೆ ಓದಿದಳು, ಕೊನೆಗೆ ಕಿತ್ತಳೆಯೇ ವಾಸಿ ಎಂದು ಹೆಚ್ಚಿಕೊಂಡು ಒಯ್ದೆವು. ಯಾರದೋ ಮಗುವಿಗಾಗಿ ಹದಿನಾಲ್ಕು ಮನೆಯವರು ಹೀಗೆ ಓದುತ್ತಾರಲ್ಲ, ನನಗೆ ಗಂಟಲು ತುಂಬಿ ಬಂತು.

ಲಿಟಿಟ್ಸ್‌ನಲ್ಲಿ ನೋಡಬೇಕಾಗಿದ್ದು ಜೂಲಿಯಸ್ ಸ್ಟರ್ಜಿಸ್ ಪ್ರೆಟ್ಜೆಲ್ ಬೇಕರಿ. ಪ್ರೆಟ್ಜೆಲ್ ಅಂದರೆ ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ತಿರುಚಿ ಬೇಯಿಸಿದ ತಿನಿಸು. 1861ರಲ್ಲಿ ಶುರುವಾಗಿದ್ದು, ಅಮೆರಿಕದಲ್ಲಿ ಮಾರಾಟಕ್ಕೆಂದೇ ಪ್ರೆಟ್ಜೆಲ್ ಮಾಡಿದ ಮೊದಲ ಬೇಕರಿ. ಜರ್ಮನ್ ಮಾತಾಡುವ ವಲಸಿಗರು ಈ ಸೀಮೆಗೆ ತಂದ ತಿನಿಸು ಇದು. ಹಳೆಯ ಇಟ್ಟಿಗೆ ಒಲೆಗಳು ಇನ್ನೂ ಇವೆ. ಮೊದಲಿಗೆ ಕಥೆ. ಹಸಿದು ಬಂದ ಅಲೆಮಾರಿಯೊಬ್ಬನಿಗೆ ಇದೇ ಊರಿನ ಬೇಕರಿಯ ಯಜಮಾನ ಊಟ ಕೊಟ್ಟನಂತೆ, ಅವನು ಋಣ ತೀರಿಸಲು ಪ್ರೆಟ್ಜೆಲ್ ಮಾಡುವ ಬಗೆ ಹೇಳಿಕೊಟ್ಟನಂತೆ. ಅಲ್ಲಿ ಕೆಲಸ ಕಲಿಯುತ್ತಿದ್ದ ಸ್ಟರ್ಜಿಸ್ ಅದನ್ನು ಉಳಿಸಿಕೊಂಡ ಎಂಬುದು ಇವರ ಮಾತು.

ಆಮೇಲೆ ಒಬ್ಬೊಬ್ಬರ ಮುಂದೆ ಒಂದು ಉಂಡೆ ಹಿಟ್ಟು. ಹಲಗೆಯ ಮೇಲೆ ಅಂಗೈಯಲ್ಲಿ ಹೊಸೆದು ಹಗ್ಗ ಮಾಡಬೇಕು, ತುದಿಗಳನ್ನು ಅಡ್ಡ ಹಾಯಿಸಿ ಒಂದು ಸುತ್ತು ತಿರುಚಬೇಕು, ಮಡಚಿ ಕೆಳಗೆ ಒತ್ತಬೇಕು. ಎದೆಯ ಮೇಲೆ ಕೈಕಟ್ಟಿ ಪ್ರಾರ್ಥಿಸುವವರ ಆಕಾರವಂತೆ ಅದು. ನಲವತ್ತು ವರ್ಷ ಕೊಡುಬಳೆ ಹೊಸೆದ ಕೈ ನನ್ನದು. ಹಗ್ಗ ಎಲ್ಲೂ ಉಬ್ಬದೆ ತಗ್ಗದೆ ಸಮವಾಗಿ ಬಂತು. ಕಲಿಸುತ್ತಿದ್ದ ಹುಡುಗಿ ಪಕ್ಕದವರಿಗೂ ತೋರಿಸಿದಳು. ಪುಟ್ಟಿಯ ಹಗ್ಗ ತುಂಡಾಯಿತು. ಅವಳ ಕೈ ಮೇಲೆ ನನ್ನ ಕೈಯಿಟ್ಟು ಇನ್ನೊಮ್ಮೆ ಹೊಸೆದೆವು. ಇಬ್ಬರಿಗೂ ಪ್ರೆಟ್ಜೆಲ್ ತಿರುಚಬಲ್ಲವರೆಂದು ಒಂದೊಂದು ಪ್ರಮಾಣಪತ್ರ ಸಿಕ್ಕಿತು. ನನ್ನದನ್ನು ಮಡಚದೆ ತಂದಿದ್ದೇನೆ.

ಹೊರಡುವಾಗ ಗಟ್ಟಿ ಪ್ರೆಟ್ಜೆಲ್‌ನ ಒಂದು ಪೊಟ್ಟಣ ಕೊಂಡೆ. ನೀರಿನಂಶವೆಲ್ಲ ಆರುವ ತನಕ ಬೇಯಿಸುವುದರಿಂದ ಅದು ಬಹಳ ದಿನ ಕೆಡುವುದಿಲ್ಲ. ಕಾರು ಹತ್ತಿದ ಕೂಡಲೇ ಪುಟ್ಟಿ ಕೈ ಚಾಚಿದಳು. ಮೂರು ವಾರದಿಂದ ನನ್ನನ್ನು ಕೊರೆಯುತ್ತಿದ್ದದ್ದು ಅದೇ. ರಾತ್ರಿ ಅನ್ನದ ಮುಂದೆ ಕೂತರೆ ಈ ಮಗು ಎರಡು ತುತ್ತಿಗೆ ಸಾಕು ಅನ್ನುತ್ತಿತ್ತು. ಹಸಿವು ಅನ್ನುವುದು ಅವಳ ಹತ್ತಿರ ಸುಳಿಯಲು ಯಾರೂ ಬಿಟ್ಟೇ ಇರಲಿಲ್ಲ. "ಇವತ್ತೊಂದು ದಿನ ಮನೆ ಸೇರೋವರೆಗೂ ಕೊಡೋದು ಬೇಡ" ಎಂದು ತಮ್ಮನ ಹೆಂಡತಿಯನ್ನು ಕೇಳಿಕೊಂಡೆ. ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಆಗಲಿ ಅತ್ತಿಗೆ" ಅಂದಳು. ಪುಟ್ಟಿ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ನಿದ್ದೆ ಹೋದಳು.

ಮನೆಯಲ್ಲಿ ನಾನು ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಬೆನ್ನ ಹಿಂದಿನಿಂದ ಬಂದು ಸೆರಗು ಎಳೆದಳು. "ಅತ್ತೆ, ಹೊಟ್ಟೆ ಹಸೀತಿದೆ." ತಟ್ಟೆಗೆ ಬಡಿಸಿ, ಪಕ್ಕದಲ್ಲಿ ಸಂಡಿಗೆಯ ಹಾಗೆ ಎರಡು ಪ್ರೆಟ್ಜೆಲ್ ಮುರಿದು ಇಟ್ಟೆ. ಎರಡನೇ ಸಲ ಅನ್ನ ಹಾಕಿಸಿಕೊಂಡಳು.